ಒಲ್ಲೆ ಅಂದವನ ಕೈಗೆ ಕೋಲು

ಮೊದಲು ಕೊಂಬು, ಬಲಗಡೆಯದು ಸ್ವಲ್ಪ ಸೊಟ್ಟ, ಆಮೇಲೆ ಗಡ್ಡ, ಆಮೇಲೆ ಆ ಹಳದಿ ಕಣ್ಣು — ಬಂದ, ಬಂದೇ ಬಂದ, ಆರಾಧನೆ ಇನ್ನೂ ಎರಡನೆಯ ಹಾಡಿಗೆ ಬಂದಿಲ್ಲ, ಆಗಲೇ ಕರಿ ಹೋತ ಬಾಗಿಲಿಗೆ ಹಾಜರ್, ಕೋಲು ಅಡ್ಡ ಹಿಡಿಯುತ್ತೇನೆ, ಹಚಾ, ನಡಿ ಅಲ್ಲಿ — ಬಾಗಿಲು ಅನ್ನುವುದು ಮಾತಿಗಷ್ಟೇ, ಹಲಗೆಯನ್ನು ಗೆದ್ದಲು ತಿಂದು ಚೌಕಟ್ಟು ಮಾತ್ರ ಉಳಿದಿದೆ, ಉಗಾಂಡಾದ ಗೆದ್ದಲಿಗೂ ಅಫಜಲಪುರದ ಗೆದ್ದಲಿಗೂ ಹಸಿವು ಒಂದೇ, ಬಿಸಿಲೂ ಒಂದೇ, ಹೊರಗೆ ಜೋಳದ ಹೊಲ ನೋಡಿದರೆ ಜೇವರ್ಗಿ ದಾರಿಯಲ್ಲಿ ಬಸ್ಸು ಕೆಟ್ಟು ನಿಂತ ಹಾಗೆ ಅನ್ನಿಸುತ್ತದೆ, ಈ ಹಳ್ಳಿಯಲ್ಲಿ ತಣ್ಣಗಿರುವ ಜಾಗವೆಂದರೆ ಈ ಚರ್ಚು, ಅದು ಭಕ್ತರಿಗಿಂತ ಮೊದಲು ಆಡುಗಳಿಗೆ ಗೊತ್ತು, ಒಳಗೆ ಬಂದರೆ ನೆರಳು, ತಿನ್ನಲು ಹಾಡಿನ ಪುಸ್ತಕ, ಅವುಗಳಿಗೆ ಇನ್ನೇನು ಬೇಕು — ಮತ್ತು ನಾನು, ಅಮರನಾಥ ಮಾಸ್ತರ, ಅಫಜಲಪುರದ ನಿವೃತ್ತ ಮುಖ್ಯೋಪಾಧ್ಯಾಯ, ಅಲ್ಲಿಯ ಸಭೆಯ ಹಿರಿಯ, ಶಾಲು ಹೊದಿಸಿಕೊಂಡು, ಮಾಲೆ ಹಾಕಿಸಿಕೊಂಡು, ಸಮುದ್ರ ದಾಟಿ ದೇವರ ವಾಕ್ಯ ಸಾರಲು ಬಂದವನು, ಇಲ್ಲಿ ಚೌಕಟ್ಟಿಗೆ ಒರಗಿ ಆಡು ಕಾಯುತ್ತಿದ್ದೇನೆ.

ತಪ್ಪು ಯಾರದು, ನನ್ನದಂತೂ ಅಲ್ಲ, ಪದ್ಧತಿ ಇರುವುದೇ ಹಾಗೆ — ಬಂದ ಮೊದಲ ಭಾನುವಾರ ಪಾಸ್ಟರ್ ಒಪಿಯೊ ನನ್ನೆದುರು ಬಂದು ನಿಂತರು, ನನಗಿಂತ ಒಂದು ಮೊಳ ಎತ್ತರ, ಮೈತುಂಬ ಬಿಳಿ ನಿಲುವಂಗಿ, ಅವರು ಆಡುವುದು ಇಂಗ್ಲಿಷ್, ಆದರೆ ನನ್ನ ಕಿವಿಯೊಳಗೆ ಇಳಿಯುವಷ್ಟರಲ್ಲಿ ಅದು ಹೇಗೋ ನಮ್ಮೂರ ಮಾತಾಗಿರುತ್ತದೆ, ಮಾಸ್ತರ್, ಇವತ್ತ ದೇವರ ವಾಕ್ಯದ ಪ್ರಸಂಗ ನೀವು ಮಾಡ್ತೀರೇನ್ರಿ ಅಂದರು, ನನ್ನ ಎದೆ ಪುಟಿಯಿತು, ಆದರೂ ಕೈ ಜೋಡಿಸಿ, ಕತ್ತು ಓರೆ ಮಾಡಿ, ನನಗ್ಯಾಕ್ರಿ, ನಾ ಏನ್ ದೊಡ್ಡಾವ, ನಾ ಬರೇ ಸೇವಕ, ಯಾವ ಕೆಲಸಾ ಕೊಟ್ರೂ ಮಾಡ್ತೇನಿ ಅಂದೆ — ಇಷ್ಟು ಅಂದ ಮೇಲೆ ನಮ್ಮಲ್ಲಿ ಏನಾಗಬೇಕು, ಏ ಬರ್ರಿ ಮಾಸ್ತರ್, ನೀವಲ್ದ ಮತ್ತ್ಯಾರ್ರಿ ಅಂತ ಒಬ್ಬ ಬಲಗೈ ಹಿಡಿಯಬೇಕು, ಒಲ್ಲೆ ಒಲ್ಲೆ ಅಂತ ನಾನು ಕೈ ಬಿಡಿಸಿಕೊಳ್ಳಬೇಕು, ಇನ್ನೊಬ್ಬ ಎಡಗೈ ಹಿಡಿಯಬೇಕು, ಹಿಂದಿನಿಂದ ಹೆಣ್ಣುಮಕ್ಕಳು ಹೋಗ್ರಿ ಮಾಸ್ತರ್ ಅನ್ನಬೇಕು, ಮೂರನೆಯ ಸಲಕ್ಕೆ, ಇಷ್ಟು ಮಂದಿಯ ಮನಸ್ಸು ನೋಯಿಸಲಾರೆ ಎಂಬ ಮುಖ ಮಾಡಿಕೊಂಡು ಎದ್ದು ಹೋಗಿ ಒಂದೂವರೆ ತಾಸು ಮೈಕ್ ಬಿಡಬಾರದು, ಇದು ಕೂಸಿಗೂ ಗೊತ್ತಿರುವ ಮಾತು — ಪಾಸ್ಟರ್ ಒಪಿಯೊ ಕೈ ಹಿಡಿದದ್ದೇನೋ ನಿಜ, ಎರಡೂ ಕೈ ಹಿಡಿದರು, ಅವರ ಕಣ್ಣಲ್ಲಿ ನೀರು, ದೇವರೇ ಕಳಿಸ್ಯಾನ್ರಿ ನಿಮ್ಮನ್ನ, ಬಾಗಲಾ ಕಾಯೋ ಅಜ್ಜ ತೀರಿಕೊಂಡ ಮ್ಯಾಲ ಆಡಿನ ಕಾಟ ಭಾಳ ಆಗ್ಯದ, ಯಾರೂ ಒಪ್ಪವಲ್ರು ಅಂತ ಮೂಲೆಯಲ್ಲಿದ್ದ ಕೋಲು ತಂದು ನನ್ನ ಕೈಗೆ ಕೊಟ್ಟು, ಬೆನ್ನು ತಟ್ಟಿ, ತಾವೇ ಹೋಗಿ ಪ್ರಸಂಗ ಮಾಡಿಬಿಟ್ಟರು. ನಾನು ಕೋಲು ಹಿಡಿದು ಎರಡನೆಯ ಕರೆಗೆ ಕಾದೆ. ಎರಡನೆಯ ಕರೆ ಬರಲಿಲ್ಲ.

ಅದೂ ಎಂಥ ಪ್ರಸಂಗ ನನ್ನದು, ಅಫಜಲಪುರದಿಂದಲೇ ಕಟ್ಟಿಕೊಂಡು ಬಂದದ್ದು, ವಿಷಯ ದೀನತೆ, ಬೈಬಲಿನಲ್ಲಿ ಸ್ವಾಮಿ ಊಟದಿಂದ ಎದ್ದು ನಡುವಿಗೆ ಟಾವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದದ್ದು, ಕನ್ನಡಿಯ ಮುಂದೆ ಎಷ್ಟು ಸಲ ಹೇಳಿದ್ದೇನೆಂದರೆ ನನ್ನ ಹೆಂಡತಿ ಸುಭದ್ರಾಬಾಯಿಗೆ ರೊಟ್ಟಿ ಬಡಿಯುತ್ತಲೇ ಬಾಯಿಪಾಠವಾಗಿದೆ, ದನಿ ಎಲ್ಲಿ ನಡುಗಬೇಕು, ಕನ್ನಡಕ ಎಲ್ಲಿ ತೆಗೆಯಬೇಕು, ಎಲ್ಲಿ ಒಂದು ಗುಟುಕು ನೀರು ಕುಡಿದು ಸುಮ್ಮನಿರಬೇಕು — ಇಲ್ಲಿ ನೋಡ್ರಿ, ನೀರು ಕುಡೀರಿ, ಇಲ್ಲೇ ಮಂದಿ ಅಳ್ತಾರ ಅಂತ ಅವಳೇ ಹೇಳಿಕೊಟ್ಟದ್ದು — ಹಚಾ, ಏ, ಈ ಕಡೆ ಬಿಳಿ ಆಡೊಂದು, ಇದು ಪಾಪದ್ದು, ಗದರಿದರೆ ಹೋಗುತ್ತದೆ, ತೊಂದರೆ ಇರುವುದು ಆ ಸೊಟ್ಟ ಕೊಂಬಿನ ಕರಿ ಹೋತನದು, ಅವನಿಗೆ ನಾನು ಜಗದೇವಪ್ಪ ಅಂತ ಹೆಸರಿಟ್ಟಿದ್ದೇನೆ, ಕರಜಗಿಯ ಜಗದೇವಪ್ಪ ನಮ್ಮ ಸಭೆಯ ಇನ್ನೊಬ್ಬ ಹಿರಿಯ, ಒಂದು ಕ್ರಿಸ್ಮಸ್ಸಿಗೆ ಮೊದಲ ಸಲ ಕರೆದ ಕೂಡಲೇ ಹೂಂ ಅಂತ ಎದ್ದು ಹೋಗಿ ಮೈಕ್ ಹಿಡಿದ ಭೂಪ, ಊರು ಇವತ್ತಿಗೂ ಆಡಿಕೊಳ್ಳುತ್ತದೆ, ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ನಾನೇ, ಈ ಹೋತನಂತೂ ಅವನಿಗಿಂತ ಒಂದು ಕೈ ಮೇಲು, ಕರೆಯದೆಯೇ ಬರುತ್ತಾನೆ, ನೇರ ವೇದಿಕೆಗೇ ಹೋಗುತ್ತಾನೆ, ಏ ಜಗದೇವಪ್ಪ, ಹೊರಗ ನಡಿ ಅಂತ ದಿನಕ್ಕೆಷ್ಟು ಸಲ ಅನ್ನುತ್ತೇನೋ, ಸುಳ್ಳು ಯಾಕೆ ಹೇಳಲಿ, ಅನ್ನುವಾಗ ಹೊಟ್ಟೆ ತಣ್ಣಗಾಗುತ್ತದೆ.

ಹೊಟ್ಟೆ — ಹೊಟ್ಟೆಯ ಕಥೆ ಬೇರೆಯೇ ಇದೆ, ಬೆಲ್ಟಿಗೆ ಹೊಸ ತೂತು ಮಾಡಿಕೊಂಡಿದ್ದೇನೆ, ಇಲ್ಲಿ ಊಟಕ್ಕೇನು ಕಡಿಮೆಯಿಲ್ಲ, ಜೋಳದ ಹಿಟ್ಟಿನ ಮುದ್ದೆ, ಅವರೆಯಂಥ ಕಾಳಿನ ಸಾರು, ಪಾಸ್ಟರ್ ಅವರ ತಾಯಿ ಮೊಣಕಾಲೂರಿ ಕೈಗೆ ನೀರು ಹಾಕಿ ತಾವೇ ಬಡಿಸುತ್ತಾರೆ, ಒಂದು ಮುದ್ದೆ ಮುಗಿದ ಮೇಲೆ ಇನ್ನೊಂದು ತರುತ್ತಾರೆ, ನನ್ನ ಕೈ, ಈ ಹಾಳು ಕೈ, ತಾನಾಗಿಯೇ ಹೋಗಿ ತಾಟಿನ ಮೇಲೆ ಮುಚ್ಚಿಕೊಳ್ಳುತ್ತದೆ, ಸಾಕ್ರಿ, ಒಲ್ಲೆ ಅನ್ನುತ್ತೇನೆ, ಅಜ್ಜಿ ತಲೆಯಾಡಿಸಿ ಮುದ್ದೆ ವಾಪಸ್ ಒಯ್ಯುತ್ತಾರೆ, ಒಯ್ದೇಬಿಡುತ್ತಾರೆ, ನಾನು ಖಾಲಿ ತಾಟಿನ ಮೇಲೆ ಕೈ ಮುಚ್ಚಿಕೊಂಡು ಕೂತಿರುತ್ತೇನೆ — ಒಲ್ಲೆ ಅಂದವನಿಗೆ ಬಡಿಸದಿದ್ದರೆ ಅದೆಂಥ ಊಟ, ಜಿಡಗಾ ಮಠದ ಪಂಕ್ತಿಯಲ್ಲಿ ಕೂತರೂ ಸಾಕು ಅಂದ ಮೇಲೆಯೇ ಇನ್ನೊಂದು ಸೌಟು ಬೀಳುತ್ತದೆ, ಮದುವೆಯಾದ ಹೊಸದರಲ್ಲಿ ಕೊಳಕೂರಿನ ಅತ್ತೆ, ಅಳಿಯಂದ್ರು ಒಲ್ಲೆ ಅಂದ್ರ ನಾವ್ ಕೇಳ್ತೇವೇನ್ರಿ ಅಂತ ಮುಚ್ಚಿದ ಕೈಯ ಮೇಲೆಯೇ ಹೋಳಿಗೆ ಇಟ್ಟು ಕುದಿಯುವ ತುಪ್ಪ ಸುರಿದರು, ಹಿಂಗೈಯ ಮೇಲೆ ಕಲೆ ಇವತ್ತಿಗೂ ಇದೆ, ಆವತ್ತು ಕಣ್ಣಲ್ಲಿ ನೀರು ಬಂದರೂ ಮನಸ್ಸು ತುಂಬಿತ್ತು, ಅದು ಪ್ರೀತಿ, ಸುಡಬೇಕು — ನಮ್ಮ ತಂಡದಲ್ಲಿ ಬಂದ ನರ್ಸ್ ಐಶ್ವರ್ಯಾ, ಆಳಂದದ ಹುಡುಗಿ, ಪಕ್ಕದಲ್ಲಿ ಕೂತು ಹಾಕ್ರಿ ಅಜ್ಜಿ, ಇನ್ನೊಂದ್ ಹಾಕ್ರಿ ಅಂತ ಮೂರು ಮುದ್ದೆ ಉಂಡು ತೇಗುತ್ತಾಳೆ, ಮಾಸ್ತರ್, ಹಸಿವಾದ್ರ ಹೌದು ಅನ್ರಿ, ಇಲ್ಲಿಯವ್ರು ನಿಮ್ಮ ಮಾತು ನಂಬ್ತಾರ, ಒಲ್ಲೆ ಅಂದ್ರ ಒಲ್ಲೆ ಅಂತಾನೇ ತಿಳಕೋತಾರ ಅನ್ನುತ್ತಾಳೆ, ಆಹಾ, ಬಾಯಿಬಿಟ್ಟು ಬೇಕು ಅನ್ನುವುದೇ, ಅದೇನವ್ವ, ನಾಚಿಕಿ ಮಾನ ಮರ್ಯಾದಿ ಏನೂ ಬ್ಯಾಡೇನು ಅಂದೆ, ಮರ್ಯಾದಿ ನಿಮ್ಮ ಕಡಿ ಇರ್ಲಿ, ಮುದ್ದಿ ನನ್ನ ಕಡಿ ಇರ್ಲಿ ಅಂದಳು, ಈಗಿನ ಹುಡುಗರು.

ಇವತ್ತು ಕೊನೆಯ ಭಾನುವಾರ, ನಾಡಿದ್ದು ವಿಮಾನ, ಆಮೇಲೆ ಏನು ಮುಖ ಹೊತ್ತು ಊರಿಗೆ ಹೋಗಲಿ, ಅದೇ ಚಿಂತೆ, ನಿನ್ನೆ ಸುಭದ್ರಾಬಾಯಿಯ ಫೋನು, ಪ್ರಸಂಗ ಆತೇನ್ರಿ, ಸೇವಾ ನಡದದ ಅಂದೆ, ಯಾವ ಸೇವಾ, ಅದೇ, ಬಾಗಿಲ ಕಡಿ ಸ್ವಲ್ಪ ಜವಾಬ್ದಾರಿ ಕೊಟ್ಟಾರ ಅಂದೆ, ಅದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ, ರೀ, ನಾಳೆ ಆರಾಧನೆ ಮುಗಿದ ಮ್ಯಾಲ ಯಾರೂ ಮನೀಗಿ ಹೋಗಂಗಿಲ್ಲ, ಗ್ವಾಡಿಗಿ ಪರದೆ ಕಟ್ಯಾರ, ಐಶ್ವರ್ಯಾ ವಿಡಿಯೋ ಕಾಲ್ ಹಚ್ತಾಳ, ನಿಮ್ಮ ಪ್ರಸಂಗ ನೋಡೇ ಊಟ ಅಂದಾರ, ಜಗದೇವಪ್ಪಂತೂ ಮುಂದಿನ ಕುರ್ಚಿ ಹಿಡದಾನ, ಮಾಸ್ತರ್ ಖರೇನ ಮಾತಾಡ್ತಾರೇನ್ ಅಂತ ನಕ್ಕ — ನಕ್ಕನಂತೆ, ನಗಲಿ, ಅಫಜಲಪುರದ ಸಭೆ ಇಡೀ ಪರದೆಯ ಮುಂದೆ ಕೂತು, ಅನ್ನ ಆರುತ್ತಿರಲು, ನಾನು ಆಡಿಗೆ ಹಚಾ ಅನ್ನುವುದನ್ನು ನೋಡುವುದೇ, ಇದಕ್ಕಿಂತ ಕಾಲರಾ ಬಂದಿದ್ದರೆ ವಾಸಿ, ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು — ಅಗೋ, ಐಶ್ವರ್ಯಾ ಮುಂದಿನ ಬೆಂಚಿನಲ್ಲಿ ಫೋನು ನಿಲ್ಲಿಸುತ್ತಿದ್ದಾಳೆ, ಹಾಡು ನಿಂತಿತು, ಪಾಸ್ಟರ್ ವೇದಿಕೆಯಿಂದ ನನ್ನ ಕಡೆಗೇ ನೋಡುತ್ತಿದ್ದಾರೆ, ನನ್ನನ್ನೇ, ಎಲ್ಲ ತಲೆಗಳೂ ತಿರುಗಿದವು.

ಮಾಸ್ತರ್, ನೀವು ಊರಿಗಿ ಹೊಂಟೀರಿ, ಹೋಗೂ ಮೊದ್ಲ ನಮಗ ನಾಕು ಮಾತು ಹೇಳಬೇಕು ಅಂತ ನಿಮಗ ಮನಸ್ಸದ ಏನ್ರಿ — ಹೀಗೂ ಕೇಳುತ್ತಾರೆಯೇ, ಮನಸ್ಸಿದೆಯೇ ಅಂತ, ನಾಲಿಗೆ ಆಗಲೇ ಎದ್ದು ನಿಂತಿದೆ, ನನಗ್ಯಾಕ್ರಿ, ನಾ ಏನ್ ದೊಡ್ಡಾವ, ಆ ಮಾತು ಹಲ್ಲಿನ ಹಿಂದೆ ಬಂದು ಕೂತಿದೆ, ಒಂದು ಸಲ ಅಂದರೆ ಮುಗಿಯಿತು, ಇವರು ನಂಬಿಬಿಡುತ್ತಾರೆ, ನಂಬಿ ಮುದ್ದೆ ವಾಪಸ್ ಒಯ್ದುಬಿಡುತ್ತಾರೆ, ಕೊಂಬು ಸೊಟ್ಟದ್ದು ಚೌಕಟ್ಟಿನ ಆಚೆ, ಕಣ್ಣು ಹಳದಿ, ಅದೂ ಕಾಯುತ್ತಿದೆ — ಅದರಿ, ಅಂದುಬಿಟ್ಟೆ, ಮನಸ್ಸು ಅದ, ಭಾಳ ಅದ, ಬಂದ ದಿನದಿಂದ ಅದ, ಕಿವಿಯೆಲ್ಲ ಬಿಸಿ, ಹುಟ್ಟಿದಾಗಿನಿಂದ ಮೊದಲ ಕರೆಗೆ ಹೂಂ ಅಂದವನಲ್ಲ, ಯಾರಾದರೂ ನಗುತ್ತಾರೇನೋ ಅಂತ ನೋಡಿದೆ, ಯಾರೂ ನಗಲಿಲ್ಲ, ಪಾಸ್ಟರ್ ಮಾತ್ರ ಹುಬ್ಬೇರಿಸಿ, ಮತ್ತ ಮೊದ್ಲ ಯಾಕ ಹೇಳ್ಲಿಲ್ರಿ, ನಾವು ನಿಮಗ ಮಾತಾಡೂದು ಸೇರಂಗಿಲ್ಲ ಅಂತ ತಿಳದಿದ್ದೆವು, ಬರ್ರಿ ಬರ್ರಿ ಅಂದರು, ಇಷ್ಟೇ, ಇಷ್ಟಕ್ಕಾಗಿ ಇಷ್ಟು ದಿನ ಉಪವಾಸ — ಎರಡು ಹೆಜ್ಜೆ ಇಟ್ಟವನು ನಿಂತೆ, ಕೋಲು, ಈ ಕೋಲು ಯಾರಿಗೆ ಕೊಡಲಿ, ಬೆಂಚುಗಳ ಕಡೆ ಚಾಚಿದೆ, ಯಾರಾದರೂ ಮೂರು ಸಲ ಒಲ್ಲೆ ಅಂದು ತೆಗೆದುಕೊಳ್ಳಲಿ ಅಂತ, ಅಷ್ಟರಲ್ಲಿ ಪಾಸ್ಟರ್ ಒಪಿಯೊ ತಾವೇ ಇಳಿದು ಬಂದರು, ಕೊಡ್ರಿ ಇಲ್ಲಿ ಅಂದರು, ನೀವಾ, ನೀವ್ಯಾಕ್ರಿ ಅನ್ನಲು ಬಾಯಿ ತೆರೆಯುವುದರೊಳಗೆ ಕೋಲು ಅವರ ಕೈಯಲ್ಲಿತ್ತು, ನನಗ್ಯಾಕೆ ಅನ್ನಲಿಲ್ಲ, ಸೇವಕ ಅನ್ನಲಿಲ್ಲ, ಯಾರಾದರೂ ನೋಡುತ್ತಿದ್ದಾರೆಯೇ ಅಂತ ತಿರುಗಿಯೂ ನೋಡಲಿಲ್ಲ, ನೆಟ್ಟಗೆ ಬಾಗಿಲಿಗೆ ಹೋಗಿ ನಿಂತರು.

ವೇದಿಕೆ ನಾನೆಣಿಸಿದಷ್ಟು ಎತ್ತರವಿಲ್ಲ, ಒಂದು ಮಣೆಯಷ್ಟು, ಐಶ್ವರ್ಯಾ ಹೆಬ್ಬೆರಳೆತ್ತಿದಳು, ಫೋನಿನಲ್ಲಿ ಪುಟ್ಟ ಪುಟ್ಟ ತಲೆಗಳು, ಹಸಿರು ಸೀರೆ ಸುಭದ್ರಾಬಾಯಿಯದು, ಕೆಮ್ಮಿದೆ, ಕನ್ನಡಕ ಸರಿಮಾಡಿಕೊಂಡೆ, ಪ್ರಿಯರೇ, ದೀನತೆ ಎಂದರೇನು, ಅಂದೆ, ಸ್ವಾಮಿ ಊಟದಿಂದ ಎದ್ದ, ಎದ್ದು ಏನು ಮಾಡಿದ, ನಡುವಿಗೆ — ಕೋಲನ್ನು ಹಾಗೆ ಹಿಡಿಯಬಾರದು, ಪಾಸ್ಟರ್ ಕೋಲನ್ನು ನೆಟ್ಟಗೆ ಹಿಡಿದಿದ್ದಾರೆ, ಅಡ್ಡ ಹಿಡಿಯಬೇಕು, ಮೊಣಕಾಲಿನ ಮಟ್ಟಕ್ಕೆ, ಅವರು ಎಡಕ್ಕೆ ನೋಡುತ್ತಿದ್ದಾರೆ, ಅವನು ಬರುವುದು ಬಲದಿಂದ, ಕೊಂಬು, ಗಡ್ಡ — ನಡುವಿಗೆ ಟಾವೆಲ್, ನಡುವಿಗೆ — ಕಣ್ಣು, ಏ ಜಗದೇವಪ್ಪ, ಹೊರಗ ನಡಿ, ನಾಚಿಕಿಲ್ಲೇನ್ ನಿನಗ, ಚಾವಣಿಯ ತಗಡು ನಡುಗುವ ಹಾಗೆ ಕೂಗಿದೆ, ಇಡೀ ಸಭೆ ಬೆಚ್ಚಿತು, ಫೋನಿನೊಳಗಿಂದ, ಸಮುದ್ರದಾಚೆಯಿಂದ, ಕರಜಗಿಯ ದನಿ, ಯಾಕ್ರಿ ಮಾಸ್ತರ್, ನಾ ಏನ್ ಮಾಡೇನ್ರಿ, ಇಲ್ಲೇ ಸುಮ್ನ ಕುಂತೇನಲ್ರಿ — ಆಮೇಲೆ ಅಫಜಲಪುರ ನಕ್ಕಿತು, ಯಾಕೆ ಅಂತ ತಿಳಿಯದೆ ಉಗಾಂಡಾ ನಕ್ಕಿತು, ಸುಭದ್ರಾಬಾಯಿ ಸೆರಗು ಬಾಯಿಗೊತ್ತಿಕೊಂಡಳು, ಐಶ್ವರ್ಯಾ ಬೆಂಚಿನ ಕೆಳಗೆ, ನಾನೂ ನಗಬೇಕಿತ್ತೇನೋ, ನಗು ಬರಲಿಲ್ಲ, ನಾಚಿಕೆಯಾಯಿತು, ಕೂಗಿದ್ದಕ್ಕಲ್ಲ, ಅಲ್ಲಿ ಬಾಗಿಲಲ್ಲಿ ಪಾಸ್ಟರ್ ಒಪಿಯೊ ಒಳನುಗ್ಗಿದ ಹೋತನನ್ನು ಕೊಂಬು ಹಿಡಿದು ಹೊರಗೆ ದಬ್ಬಿ, ಧೂಳಾದ ಬಿಳಿ ನಿಲುವಂಗಿಯನ್ನು ಮೇಲೆತ್ತಿ ನಡುವಿಗೆ ಸುತ್ತಿಕೊಂಡು ಗಂಟು ಹಾಕಿ, ನಾನು ಹಿಡಿಯುತ್ತಿದ್ದ ಹಾಗೆಯೇ ಕೋಲು ಅಡ್ಡ ಹಿಡಿದು, ಮುಂದ ಹೇಳ್ರಿ ಮಾಸ್ತರ್, ನಾ ಇದ್ದೇನಿ ಅಂತ ಕೈಸನ್ನೆ ಮಾಡಿದರು, ಮುಂದೆ, ಮುಂದೆ ಏನಿತ್ತು, ಸ್ವಾಮಿ ಎದ್ದ, ಎದ್ದು ನಡುವಿಗೆ, ಇಲ್ಲೇ ನೀರು ಕುಡಿಯಬೇಕು, ಇಲ್ಲೇ ಮಂದಿ ಅಳಬೇಕು, ನಡುವಿಗೆ — ಆ ಗಂಟು, ಆ ಉದ್ದ ಕಪ್ಪು ಮೊಣಕಾಲು, ಅದರ ಮುಂದೆ ಆ ಕೋಲು, ನಡುವಿಗೆ — ಬಾಗಿಲಿಗೆ ಅಡ್ಡ ಹಿಡಿದ ಆ ಕೋಲು —