ಸಿಗದೆ ಹೋದ ಸರ್ವರ್

ಬಲ್ಗೇರಿಯಾದ ಪ್ಲೊವ್ದಿವ್ ನಗರದ ಹಾಲಿನ ಕಂಪನಿಯೊಂದರಲ್ಲಿ ಯಾವ ಡೇಟಾಬೇಸ್ ಸರ್ವರ್ ಯಾವ ಊರಿನ ಶಾಖೆಯಲ್ಲಿದೆ ಎಂಬುದು ನೆವೆನಾಗೆ ಬಾಯಿಪಾಠ. ಯಾರಿಗೆ ಏನು ಬೇಕಿದ್ದರೂ ಅವಳ ಮೇಜಿಗೇ ಬರುತ್ತಿದ್ದರು. ಹೊಸದಾಗಿ ಸೇರಿದ ರಾಲಿತ್ಸಾ ಒಂದು ಪ್ರೋಗ್ರಾಂ ಬರೆದಳು. ಅದು ಇಡೀ ನೆಟ್‌ವರ್ಕ್ ಜಾಲಾಡಿ ಸರ್ವರ್‌ಗಳನ್ನು ತಾನೇ ಹುಡುಕಿ ತೋರಿಸಿತು. ಜನ ರಾಲಿತ್ಸಾಳ ಮೇಜಿನತ್ತ ತಿರುಗಿದರು. ನೆವೆನಾಗೆ ಹೊಟ್ಟೆಕಿಚ್ಚಾಯಿತು.

ಒಂದು ದಿನ ಅವಳು ಮೊಸರು ವಿಭಾಗದ ಸರ್ವರ್ ಆ ಪ್ರೋಗ್ರಾಂಗೆ ಉತ್ತರ ಕೊಡದಂತೆ ಸದ್ದಿಲ್ಲದೆ ತಡೆದಳು. ಸಭೆಯಲ್ಲಿ, "ಮೊಸರಿನ ಸರ್ವರ್ ಎಲ್ಲಿದೆಯಮ್ಮ? ನಿನ್ನ ಪ್ರೋಗ್ರಾಂಗೆ ಕಣ್ಣು ಮಂಜಾಯ್ತಾ?" ಎಂದಳು. ಎಲ್ಲರೂ ನಕ್ಕರು.

"ನೆವೆನಾ ಅಕ್ಕ ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ," ಎಂದು ರಾಲಿತ್ಸಾ ಎಲ್ಲರೆದುರು ಹೊಗಳಿದಳು. ಆಮೇಲೆ ಊಟವನ್ನೂ ಬಿಟ್ಟು ತನ್ನ ತಪ್ಪು ಹುಡುಕುತ್ತ ಕೂತಳು. ಈ ಹುಡುಗಿಗೆ ತನ್ನ ಮೇಲೆ ಹೊಟ್ಟೆಕಿಚ್ಚೇ ಇಲ್ಲವಲ್ಲ ಎಂದು ನೆವೆನಾಗೆ ಇನ್ನಷ್ಟು ಉರಿಯಿತು. ಸಂಜೆಯಾದರೂ ರಾಲಿತ್ಸಾ ಹುಡುಕುತ್ತಲೇ ಇರುವುದನ್ನು ಕಂಡು ಅವಳಿಂದ ಸುಮ್ಮನಿರಲಾಗಲಿಲ್ಲ.

"ಹುಡುಕ್ಬೇಡ ಕಣೇ. ನಾನೇ ಅದನ್ನ ಮರೆ ಮಾಡಿದ್ದು."

ರಾಲಿತ್ಸಾಳ ಮುಖ ಕೆಂಪಾಯಿತು. ಎದ್ದು ಹೋಗಿ, ಕಾಫಿ ಕುಡಿದು ಬಂದಳು.

"ನಾಳೆ ಇನ್ಯಾರಾದ್ರೂ ಹೀಗೇ ಮುಚ್ಚಿಡ್ಬಹುದು. ಹೇಗೆ ಮಾಡಿದ್ರಿ, ತೋರ್ಸಿ," ಎಂದಳು ಬಿಗಿಯಾಗಿ.

ನೆವೆನಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ರಾಲಿತ್ಸಾಳ ಬೆರಳುಗಳು ಕೀಲಿಮಣೆಯ ಮೇಲೆ ಸರಸರನೆ ಓಡುವುದನ್ನು ನೋಡುವಾಗಲೂ ಅವಳ ಹೊಟ್ಟೆಕಿಚ್ಚು ಆರಿರಲಿಲ್ಲ. ಆದರೂ ತನಗೆ ಗೊತ್ತಿದ್ದನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟಳು.