ಟಕಟಕ ನಿಂತ ಎಂಜಿನ್

ಟೈಲರಮ್ಮನಿಗೊಬ್ಬಳು ಸವತಿಯಿದ್ದಳು. ವರ್ಷಕ್ಕೆರಡು ಸಲ ಮನೆಯ ಹಿಂದಿನ ಶೆಡ್ಡಿಗೆ ಬಂದು ಠಿಕಾಣಿ ಹೂಡಿ, ಗಂಡನ ಊಟ ನಿದ್ದೆ ಎರಡನ್ನೂ ಕಸಿದುಕೊಂಡು ಹೋಗುತ್ತಿದ್ದಳು. ಲೋಕದ ಲೆಕ್ಕದಲ್ಲಿ ಅದು ಊರಿನ ವಕೀಲರೊಬ್ಬರ ಹಳೆಯ ಸ್ಪೋರ್ಟ್ಸ್ ಕಾರು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ನೀರು ತುಂಬುವ ರೇಡಿಯೇಟರ್ ಅನ್ನುವುದು ಇಲ್ಲವೇ ಇಲ್ಲ. ಆ ಕಡೆ ಮೂರು, ಈ ಕಡೆ ಮೂರು ಸಿಲಿಂಡರುಗಳು ಅಡ್ಡಡ್ಡ ಮಲಗಿಕೊಂಡು, ದೊಡ್ಡ ಫ್ಯಾನಿನ ಗಾಳಿ ಹೊಡೆಸಿಕೊಂಡು, ಬಿಂದಿಗೆಗಟ್ಟಲೆ ಆಯಿಲ್ ಕುಡಿದು ಮೈ ತಂಪು ಮಾಡಿಕೊಳ್ಳುತ್ತಿದ್ದವು. ಇಂಥ ಮಹಾರಾಣಿಯ ಸೇವೆಗೆ ಊರಿಗೆಲ್ಲ ಇದ್ದವನು ಒಬ್ಬನೇ ಮೇಸ್ತ್ರಿ, ಅವನೇ ಟೈಲರಮ್ಮನ ಗಂಡ.

ಮೇಸ್ತ್ರಿಯ ನೇಮಗಳು ಅವಳಿಗೆ ಬಾಯಿಪಾಠ. "ಆಯಿಲ್ ನೋಡೋದು ಎಂಜಿನ್ ಬಿಸಿಯಾಗಿ ಓಡ್ತಿರುವಾಗ. ವಾಲ್ವ್ ಮುಟ್ಟೋದು ಅದು ರಾತ್ರಿಯೆಲ್ಲ ತಣ್ಣಗಾದ ಮೇಲೆ. ಇದನ್ನ ಅದಲುಬದಲು ಮಾಡೋನು ನನ್ನ ಶೆಡ್ಡಿಗೆ ಕಾಲಿಡೋದೇ ಬೇಡ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು: "ಇದ್ಯಾಕ್ರೀ ಯಾವಾಗ್ಲೂ ಟಕಟಕ ಅಂತಿರುತ್ತೆ? ನಿಮಗೆ ರಿಪೇರಿ ಬರಲ್ವಾ?"

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಬೇರೆ ಎಂಜಿನ್ನಿಗೆ ಸುತ್ತಲೂ ನೀರಿರುತ್ತೆ, ಸದ್ದು ಅದರಲ್ಲೇ ಅಡಗುತ್ತೆ. ಇದು ಎಲ್ಲಾನೂ ಬಾಯಿಬಿಟ್ಟು ಹೇಳುತ್ತೆ. ವಾಲ್ವಿಗೂ ಅದನ್ನ ಒತ್ತೋ ತೋಳಿಗೂ ನಡುವೆ ಕಾಗದದಷ್ಟು ಸಂದು ಇರಬೇಕು, ಆ ಸಂದಿನ ಸದ್ದು ಅದು. ಸದ್ದು ನಿಂತ್ರೆ ಸಂದು ಹೋಯ್ತು ಅಂತ. ಆಮೇಲೆ ವಾಲ್ವ್ ಪೂರ್ತಿ ಮುಚ್ಚಲ್ಲ, ಬೆಂಕಿಗೆ ಸುಟ್ಟೇ ಹೋಗುತ್ತೆ." ಅಲ್ಲಿಗೆ ಸುಮ್ಮನಿರಬಾರದಿತ್ತೇ? "ಹೆಂಡ್ತಿ ಥರಾನೇ. ಗೊಣಗ್ತಾ ಇದ್ರೆ ಎಲ್ಲ ಸರಿಯಾಗಿದೆ ಅಂತ" ಎಂದೂ ಸೇರಿಸಿದ. ಅವಳು ಅಂದು ಸಂಜೆಯೆಲ್ಲ ತುಟಿ ಪಿಟಕ್ಕೆನ್ನದೆ ಕೂತಳು. ಮೇಸ್ತ್ರಿ ಹೆದರಿ ಬೆವರಿದ.

ಈಗ ಇಬ್ಬರ ತಲೆಯೂ ನೆರೆತಿದೆ. ಆ ಮಧ್ಯಾಹ್ನ ಟೈಲರಮ್ಮ ಕಿಟಕಿಯ ಬಳಿ ಯಾರದೋ ಮನೆಯ ಪರದೆಗೆ ಅಂಚು ಹೊಲಿಯುತ್ತಿದ್ದಳು. ಸೂಜಿ ಚುಚ್ಚದಿರಲೆಂದು ನಡುಬೆರಳಿಗೆ ತಗಡಿನ ಟೋಪಿ ಹಾಕಿಕೊಂಡಿದ್ದಳು. ಶೆಡ್ಡಿನಲ್ಲಿ ಎಂಜಿನ್ ಶುರುವಾಗುವುದು, ನಿಲ್ಲುವುದು, ಮತ್ತೆ ಶುರುವಾಗುವುದು. ಬಗ್ಗಿ ನೋಡಿದರೆ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದ. ಹಾಗೆ ಕೇಳುವುದು ಅವನ ಹಳೆಯ ಪದ್ಧತಿಯೇ. ಆದರೆ ಕಿವಿ ಕೆಂಪಾಗುವಷ್ಟು ಒತ್ತುವುದು ಹೊಸದು. ಆಮೇಲೆ ಎಂಜಿನ್ ಆರಿಸಿದವನೇ, ವಾಲ್ವುಗಳ ಮೇಲಿನ ಸುಡುವ ಮುಚ್ಚಳವನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚತೊಡಗಿದ.

ಸಂಜೆ ಅವನೇ ಕೂಗಿದ: "ಬಾರೇ ಇಲ್ಲಿ! ಕೇಳು, ರೇಷ್ಮೆ ಥರ ಓಡ್ತಿದೆ!"

ಅವಳು ಹೋಗಿ ನಿಂತಳು. ಫ್ಯಾನಿನ ಸುಯ್ಯೆನ್ನುವ ಸದ್ದಿತ್ತು, ಸೈಲೆನ್ಸರಿನ ಗುಡುಗುಡು ಇತ್ತು. ಟಕಟಕ ಮಾತ್ರ ಇರಲಿಲ್ಲ.

ಅವನ ಕಿವಿಯ ವಿಷಯ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲ ಗಂಟೆ ಹೊಡೆದರೆ ಏಳುತ್ತಿರಲಿಲ್ಲ. ಟೀವಿ ಹಾಕಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕೇಳಿದರೆ, ಈಗಿನ ಕಾಲದ ಜನ ಬಾಯೊಳಗೇ ಮಾತಾಡ್ತಾರೆ ಅನ್ನುತ್ತಿದ್ದ. ಕಿವಿಯನ್ನೇ ನಂಬಿ ಬದುಕಿದವನಿಗೆ ನಿನ್ನ ಕಿವಿ ಹೋಗಿದೆ ಎನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ, ಅಷ್ಟೇ. ಪ್ರೀತಿ ಇದ್ದಲ್ಲಿ ಇಂಥ ಹೇಡಿತನವೂ ಇರುತ್ತದೆ.

ನಾಳೆ ಬೆಳಿಗ್ಗೆ ವಕೀಲರು ಕಾರು ಒಯ್ಯುವವರಿದ್ದರು. ಮಗಳ ಕೈಗೆ ಮೊದಲ ಸಲ ಸ್ಟೀರಿಂಗ್ ಕೊಟ್ಟು ಬೆಟ್ಟದ ರಸ್ತೆ ಹತ್ತಿಸುವ ಆಸೆ ಅವರದು. ಅರ್ಧ ದಾರಿಯಲ್ಲಿ ವಾಲ್ವ್ ಸುಟ್ಟರೆ ಎಂಜಿನ್ನಿನ ಜೊತೆಗೆ ಮೇಸ್ತ್ರಿಯ ಹೆಸರೂ ಸುಡುತ್ತದೆ. ಹೆಸರಿಗಿಂತ ಹೆಚ್ಚಾಗಿ ಅವನೇ ಕುಸಿದುಹೋಗುತ್ತಾನೆ. ಚೆನ್ನಾಗಿದೆ ರೀ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

ಅವಳು ಕಾರಿನ ಮುಂದಕ್ಕೆ ಹೋಗಿ, ಬಾಗಿಲು ತೆಗೆದು, ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟಳು. ಇಷ್ಟು ವರ್ಷಗಳಲ್ಲಿ ಅವಳು ಆ ಕೀಲಿ ಮುಟ್ಟಿದ್ದು ಅದೇ ಮೊದಲು.

"ಟಕಟಕ ಇಲ್ಲ ರೀ" ಎಂದಳು, ಅವನೆದುರು ಬಂದು ನಿಂತು.

"ನೀನು ಹೋಗಿ ಬಟ್ಟೆ ಹೊಲಿ. ಎಂಜಿನ್ ಬಗ್ಗೆ ನಿನಗೇನು ಗೊತ್ತು?"

"ನೀವೇ ಹೇಳಿಕೊಟ್ಟಷ್ಟು ಗೊತ್ತು. ಮಧ್ಯಾಹ್ನ ಬಿಸಿ ಇದ್ದಾಗಲೇ ಬಿಚ್ಚಿದ್ರಲ್ಲ, ಯಾಕೆ?"

ಮೇಸ್ತ್ರಿ ಬೋರಲು ಹಾಕಿದ್ದ ಡಬ್ಬದ ಮೇಲೆ ಕುಸಿದು ಕೂತ.

"ಬೆಳಿಗ್ಗೆ ತಣ್ಣಗಿದ್ದಾಗಲೇ ಸರಿಯಾಗಿ ಇಟ್ಟಿದ್ದೆ ಕಣೇ. ಸ್ಟಾರ್ಟ್ ಮಾಡಿದ್ರೆ ಏನೂ ಕೇಳಿಸ್ಲಿಲ್ಲ. ಕೈ ತಪ್ತೇನೋ ಅಂತ ಗಾಬರಿಯಾಗಿ ಮತ್ತೆ ಬಿಚ್ಚಿ ಸಂದು ಅಳೆಯೋ ಗೇಜ್ ಹಾಕಿದೆ. ಸಂದು ಜಾಸ್ತಿ ಬಂತು. ಬಿಸಿಗೆ ಎಂಜಿನ್ ಹಿಗ್ಗಿದಾಗ ಸಂದು ಜಾಸ್ತಿಯಾಗೇ ಆಗುತ್ತೆ, ಅದು ತಲೆಗೇ ಹೋಗ್ಲಿಲ್ಲ. ಎಲ್ಲಾನೂ ಬಿಗಿ ಮಾಡ್ಬಿಟ್ಟೆ. ನನ್ನ ಕೆಲಸ ಮುಗೀತು."

"ಕಿವಿ ಮಂದ ಆಗಿದೆ ಅಂತ ನನಗೆ ಯಾವತ್ತೋ ಗೊತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಅವಳು ಒಳಗೆ ಹೋಗಿ ವಕೀಲರಿಗೆ ಫೋನ್ ಮಾಡಿ, ಎಂಜಿನ್ ಇನ್ನೂ ತಣ್ಣಗಾಗಬೇಕು, ನಾಳೆ ಮಧ್ಯಾಹ್ನ ಬನ್ನಿ ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೆಳಿಗ್ಗೆ ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ಮೇಸ್ತ್ರಿ ಮುಚ್ಚಳ ತೆಗೆದು ಗೇಜಿನ ತೆಳ್ಳನೆಯ ಪಟ್ಟಿಯನ್ನು ತೂರಿಸಲು ನೋಡಿದ. ಒಂದು ಕಡೆಯೂ ಹೋಗಲಿಲ್ಲ. ಹೆಂಡತಿಯ ಮುಖ ನೋಡದೆ, ಒಂದೊಂದೇ ಸ್ಕ್ರೂ ಸಡಿಲಿಸಿ, ಪಟ್ಟಿ ಹಿತವಾಗಿ ಎಳೆದಾಡುವಷ್ಟು ಸಂದು ಬಿಟ್ಟು ಬಿಗಿ ಮಾಡುತ್ತ ಬಂದ. ಆ ಬೆರಳುಗಳಿಗೆ ಮಾತ್ರ ವಯಸ್ಸೇ ಆಗಿಲ್ಲವಲ್ಲ ಎಂದು ಟೈಲರಮ್ಮನಿಗೆ ಅನ್ನಿಸಿತು, ಹೆಮ್ಮೆಯಾಯಿತು.

ಮುಚ್ಚಳ ಕೂರಿಸಿ ಎಂಜಿನ್ ಶುರು ಮಾಡಿ ಬಂದ. ಸ್ಕ್ರೂಡ್ರೈವರನ್ನು ತನ್ನ ಕಿವಿಗೆ ಇಟ್ಟುಕೊಳ್ಳಲಿಲ್ಲ, ಅವಳ ಕೈಗೆ ಕೊಟ್ಟ. ಅವಳು ಹಿಡಿಯನ್ನು ಕಿವಿಗಿಟ್ಟು ಒಂದೊಂದೇ ಸಿಲಿಂಡರಿನ ಬಳಿ ನಿಂತು ಕೇಳಿದಳು. ಮೇಸ್ತ್ರಿ ಎಂಜಿನ್ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ಬಂತಾ?"

ಅವಳು ಅವನ ಮಸಿಗೈಯನ್ನು ಎಳೆದುಕೊಂಡು, ಅಂಗೈ ಮೇಲೆ ಮಾಡಿ, ಹೊಲಿಗೆಯಿಂದೆದ್ದು ಬಂದಾಗ ಬೆರಳಲ್ಲೇ ಉಳಿದಿದ್ದ ತಗಡಿನ ಟೋಪಿಯಿಂದ ತಟ್ಟತೊಡಗಿದಳು. ಟಕ ಟಕ ಟಕ ಟಕ, ಎಂಜಿನ್ ಹೇಗೆ ಹೇಳುತ್ತಿತ್ತೋ ಹಾಗೆಯೇ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ತುಸು ಹೊತ್ತಿನ ಮೇಲೆ, "ಎಲ್ಲ ಒಂದೇ ಸಮ ಇದೆ" ಎಂದ. ಅವನ ಕಣ್ಣಂಚು ಒದ್ದೆಯಾಗಿತ್ತು.

"ಇದೆ. ಸಾಯಂಕಾಲ ಕಿವಿ ಡಾಕ್ಟರ ಹತ್ರ ಹೋಗ್ಬೇಕು, ಗೊತ್ತಾಯ್ತಾ?"

"ಏನಂದೆ?"

ಇದು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತೆಂದು ಟೈಲರಮ್ಮನಿಗೆ ಅರ್ಥವಾಯಿತು. ಅವನ ಹಟ, ಅವನ ಶೆಡ್ಡು, ಅವನ ಸವತಿ ಕಾರು, ಯಾವುದನ್ನೂ ಬಿಡದೆ ಗೊಣಗಲು ಶುರು ಮಾಡಿದಳು. ಬೆರಳು ಮಾತ್ರ ತಟ್ಟುವುದನ್ನು ನಿಲ್ಲಿಸಿರಲಿಲ್ಲ, ಮೇಸ್ತ್ರಿಯೂ ಅಂಗೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.