ಪೂವಪ್ಪನ ಕಾರಿನಿಂದ ಇಳಿಯುವ ಬಗೆ

ಅಜ್ಜಿಯ ಕತೆಯೊಂದರಲ್ಲಿ ಒಬ್ಬ ದರ್ಜಿ ಇದ್ದ. ಅವನು ರಾಜನಿಗೆ ಗುಂಡಿ ಇಲ್ಲದ, ಲಾಡಿ ಕಾಣದ ಒಂದು ಅಂಗಿ ಹೊಲಿದುಕೊಟ್ಟ. ರಾಜ ಅದನ್ನು ತೊಟ್ಟು ಸಭೆಗೆ ಬಂದು, ಇದನ್ನು ನಾನೇ ಹೊಲಿದೆ ಅಂದ. ಬೇಸಿಗೆಯ ದಿನ, ಸೆಕೆ ಏರಿತು. ಬಿಚ್ಚಲು ಹೋದರೆ ಗಂಟು ಎಲ್ಲಿದೆಯೆಂದೇ ಗೊತ್ತಿಲ್ಲ. ಗೊತ್ತಿದ್ದ ದರ್ಜಿ ಕಂಬದ ಹಿಂದೆ ನಿಂತು ಎಲೆಯಡಿಕೆ ಜಗಿಯುತ್ತಿದ್ದ. ರಾಜ ಎಲ್ಲರೆದುರು ಅವನ ಹೆಸರು ಹೇಳುವವರೆಗೂ ಜಗಿಯುತ್ತಲೇ ಇದ್ದ.

"ದರ್ಜಿಗೆ ಪಾಪ ಅನಿಸ್ಲಿಲ್ವಾ ಅಜ್ಜಿ?" ಎಂದು ನಾನು ಪ್ರತಿಸಲವೂ ಕೇಳುತ್ತಿದ್ದೆ.

"ಅನಿಸಿತು ಮಗಾ. ಗಂಟು ಬಿಚ್ಚಿದ ಮೇಲೆ."

ನಮ್ಮ ಮನೆಯ ದರ್ಜಿ ನನ್ನ ಅಪ್ಪ, ಪೂವಪ್ಪ. ಮಸ್ಕತ್ತಿನ ಹತ್ತಿರದ ಅಲ್ ಅಮೇರಾತಿನ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್. ಅವರು ಹೊಲಿದದ್ದು ಅಂಗಿಯಲ್ಲ, ಕಾರು. ಇಂಗ್ಲೆಂಡಿನಿಂದ ಹನ್ನೊಂದು ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಒಂದು ಪುಟ್ಟ ಸ್ಪೋರ್ಟ್ಸ್ ಕಾರು. ತರಿಸಿದವರು ವಿಕಾಸ್ ಅಂಕಲ್. ಮೈಸೂರಿನವರು, ಅಲ್ ಅಜೈಬಾದಲ್ಲಿ ಮನೆ, ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್. ಕೊಂಡವರು ಅವರು, ಮುಲ್ಕಿಯಾದಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೆಸರೂ ಅವರದೇ. ಅದರ ಬಗ್ಗೆ ನಮಗೇನೂ ತಕರಾರಿಲ್ಲ.

ಆದರೆ ಕಟ್ಟಿದ್ದು ಅಪ್ಪ. ನಾಲ್ಕು ವರ್ಷ, ಪ್ರತಿ ಶುಕ್ರವಾರ. ಅಪ್ಪನಿಗೆ ತೂಕದ ಹುಚ್ಚು ಹಿಡಿಯಿತು. ಪೆಟ್ಟಿಗೆಯಲ್ಲಿ ಬಂದ ಕಬ್ಬಿಣದ ಪಟ್ಟಿಗಳನ್ನು ಬಿಟ್ಟು ಅಲ್ಯೂಮಿನಿಯಂ ಪಟ್ಟಿ ಮಾಡಿದರು, ಅದಕ್ಕೂ ಸಾಲಾಗಿ ತೂತು ಕೊರೆದರು. ಬಾಗಿಲಿಲ್ಲ, ಚಾವಣಿಯಿಲ್ಲ, ನೆಲಕ್ಕೆ ಹಾಸಿಲ್ಲ. "ಐನೂರ ನಲವತ್ತು ಕಿಲೋ ಮಗಾ, ನಮ್ಮೂರಿನ ಕೋಣ ಇದಕ್ಕಿಂತ ಭಾರ" ಎಂದು ನಗುತ್ತಿದ್ದರು. ವಿಕಾಸ್ ಅಂಕಲ್ ಸ್ಟೂಲಿನ ಮೇಲೆ ಕೂತು ಟಾರ್ಚು ಹಿಡಿಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಸ್ಟೀರಿಂಗಿಗೆ ಚರ್ಮ ಹೊಲಿದವಳು ನಾನು. ಮೇಣ ಹಚ್ಚಿದ ದಾರ, ಅಜ್ಜಿ ಕೌದಿಗೆ ಹಾಕುತ್ತಿದ್ದ ಹೊಲಿಗೆ.

ಆ ಸ್ಟೀರಿಂಗು ಕಳಚುವಂಥದ್ದು. ಕಾರು ಎಷ್ಟು ಇಕ್ಕಟ್ಟೆಂದರೆ ಅದನ್ನು ತೆಗೆದಿಟ್ಟೇ ಒಳಗೆ ಇಳಿಯಬೇಕು, ತೆಗೆದೇ ಹೊರಗೆ ಬರಬೇಕು. ಅದರ ಬುಡದಲ್ಲಿ ಬಳೆಯಂಥ ಒಂದು ಕಾಲರ್ ಇದೆ. ಎಳೆದರೆ ಸ್ಟೀರಿಂಗು ಕೈಗೆ ಬರುತ್ತದೆ. ಇಲ್ಲಿನ ನುಣುಪು ಮರಳು ಅದರೊಳಗೆ ಕೂತರೆ ಬರುವುದಿಲ್ಲ. ಅಪ್ಪ ಅದನ್ನು ವಾರಕ್ಕೊಮ್ಮೆ ಬ್ರಷ್ಷಿನಿಂದ ತೊಳೆದು, ಒಣಗಿಸಿ ಇಡುತ್ತಿದ್ದರು.

ಕಟ್ಟಿದ್ದಕ್ಕೆ ಅಪ್ಪ ಕೇಳಿದ್ದು ಒಂದೇ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಬೆರಳುದ್ದದ ಹಿತ್ತಾಳೆಯ ಪಟ್ಟಿ: 'ಕಟ್ಟಿದವರು ಪೂವಪ್ಪ, ಅಲ್ ಅಮೇರಾತ್'. "ಓ, ಅದಕ್ಕೇನ್ರೀ, ಹಾಕೊಳ್ಳಿ" ಅಂದಿದ್ದರು ವಿಕಾಸ್ ಅಂಕಲ್.

ಕಳೆದ ಡಿಸೆಂಬರಿನಲ್ಲಿ, ಕಾರಿನ ಹುಚ್ಚಿರುವವರೆಲ್ಲ ಸೇರುವ ಒಂದು ಕಾರ್ ಮೀಟಿಗೆ ಅಪ್ಪನೂ ನಾನೂ ಹೋದೆವು. ಪಟ್ಟಿಯ ಜಾಗದಲ್ಲಿ ನಾಲ್ಕು ತೂತುಗಳಿದ್ದವು. ವಿಕಾಸ್ ಅಂಕಲ್ ಸುತ್ತ ನಿಂತವರಿಗೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಒಬ್ಬನೇ ಕಟ್ಟಿದೆ ಎನ್ನುತ್ತಿದ್ದರು. ಯಾರೋ ಅಪ್ಪನನ್ನು ತೋರಿಸಿ ಕೇಳಿದಾಗ ಅಂದರು: "ಇವ್ರಾ? ನಮ್ಮ ಹೆಲ್ಪರ್. ಕಾರ್ ತೊಳೀತಾರೆ, ಪಾಪ."

ಅಪ್ಪ ನಕ್ಕರು. ಕೈಯಲ್ಲಿ ನಿಜವಾಗಿಯೂ ಬಟ್ಟೆ ಇತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅಪ್ಪನ ಟೂಲ್‌ಬಾಕ್ಸಿನ ತಳದಲ್ಲಿ ಹಿತ್ತಾಳೆಯ ಪಟ್ಟಿ ಸಿಕ್ಕಿತು.

ಮುಂದಿನ ತಿಂಗಳು ವಿಕಾಸ್ ಅಂಕಲ್ ಕಾರನ್ನು ತಮ್ಮ ಮನೆಗೆ ಒಯ್ದರು. "ಇನ್ಮೇಲೆ ನಾನೇ ನೋಡ್ಕೋತೀನಿ, ಖಲಾಸ್" ಅಂದರು. ಅಪ್ಪನಿಗೆ ಕಾಲರಿನದೇ ಚಿಂತೆ. "ಒಂದು ಫೋನ್ ಮಾಡಿ ಹೇಳು ಮಗಾ. ನಾನು ಹೇಳಿದ್ರೆ ಅವರಿಗೆ ಸರಿ ಕಾಣುದಿಲ್ಲ. ವಾರಕ್ಕೊಮ್ಮೆ ಮರಳು ತೊಳೀಬೇಕು. ಹಿಡಿದ್ರೆ ಎಳೀಬಾರ್ದು. ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟು, ಒಳಗೆ ಒತ್ತಿ, ಮತ್ತೆ ಎಳೀಬೇಕು."

ಎರಡು ದಿನ ಬಿಟ್ಟು ಕೇಳಿದರು: "ಹೇಳಿದ್ಯಾ?"

"ಹೇಳಿದೆ ಅಪ್ಪ."

ನಾನು ಹೇಳಿರಲಿಲ್ಲ. ನನ್ನ ಕಣ್ಣೆದುರು ರಾಜನ ಆ ಅಂಗಿ ತೂಗಾಡುತ್ತಿತ್ತು. ಅಲ್ಲಿಂದ ಮೂರು ತಿಂಗಳು ನಾನು ಆಫೀಸಿನಲ್ಲಿ ನಕ್ಷೆ ಬಿಡಿಸುತ್ತ, ಕಿಟಕಿಯಾಚೆ ಧೂಳು ಎದ್ದಾಗಲೆಲ್ಲ ಮನಸ್ಸಿನಲ್ಲೇ ಅದಕ್ಕೆ ದಾರಿ ಹೇಳಿಕೊಡುತ್ತಿದ್ದೆ: ಅಜೈಬಾಕ್ಕೆ ಹೋಗು, ಎರಡನೇ ಅಡ್ಡರಸ್ತೆ, ಕಿತ್ತಳೆ ಬಣ್ಣದ ಕಾರು.

ಏಪ್ರಿಲಿನ ಕೊನೆಯ ಶುಕ್ರವಾರ ಅಜೈಬಾದ ಕಡಲಬದಿಯ ಮೈದಾನದಲ್ಲಿ ದೊಡ್ಡ ಮೀಟು. ಸ್ವಂತ ಕೈಯಿಂದ ಕಟ್ಟಿದ ಕಾರಿಗೆ ಬಹುಮಾನವಿತ್ತು. ಅಪ್ಪ ಬೇಡವೆಂದರೂ ಎಳೆದುಕೊಂಡು ಹೋದೆ. ನಾಲ್ಕು ಗಂಟೆಯ ಬಿಸಿಲು. ಮೀಟು ನಡೆಸುವ ಕ್ಲಬ್ಬಿನ ಮುಖ್ಯಸ್ಥ ಹಕೀಂ, ಮಸ್ಕತ್ತಿನವರೇ, ಮೈಕು ಹಿಡಿದು ನಿಂತಿದ್ದರು. ನಮ್ಮಂಥವರ ಜೊತೆ ಅವರದು ಹಿಂದಿ. ವಿಕಾಸ್ ಅಂಕಲ್ ಕಾರನ್ನು ಒಂದು ಸುತ್ತು ಓಡಿಸಿ ತಂದರು. ಫೋಟೋಗೆ ಚೆಂದ ಕಾಣಲೆಂದು ಮುಂದಿನ ಚಕ್ರಗಳನ್ನು ಪೂರ್ತಿ ತಿರುಗಿಸಿ, ಕಲ್ಲಿನ ಅಂಚಿಗೆ ಒತ್ತಿ ನಿಲ್ಲಿಸಿದರು.

"ಅಯ್ಯೋ, ಹಾಗೆ ನಿಲ್ಲಿಸಿದ್ರೆ ಕಾಲರಿನ ಹಲ್ಲು ಕಚ್ಚಿಕೊಳ್ತದೆ" ಎಂದರು ಅಪ್ಪ ಮೆಲ್ಲಗೆ.

"ಯಲ್ಲಾ ವಿಕಾಸ್ ಭಾಯ್, ಉತರೋ!" ಎಂದು ಹಕೀಂ ಇಳಿಯಲು ಕೈಸನ್ನೆ ಮಾಡಿದರು.

ವಿಕಾಸ್ ಅಂಕಲ್ ಬೆಲ್ಟು ಬಿಚ್ಚಿ ಕಾಲರ್ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ನಗುತ್ತಲೇ ಎರಡು ಕೈಯಲ್ಲಿ ಎಳೆದರು. ಆಮೇಲೆ ನಗು ನಿಂತಿತು. ಎದ್ದು ಬರಲು ನೋಡಿದರು. ತೊಡೆ ಸ್ಟೀರಿಂಗಿನ ಕೆಳಗೆ ಸಿಕ್ಕಿತು, ಹೊಟ್ಟೆ ಅದಕ್ಕೆ ತಾಗಿತು. ಚಳಿಗಾಲದ ಪಾರ್ಟಿಗಳು ಅವರ ಮೈಗೆ ಚೆನ್ನಾಗಿಯೇ ಹಿಡಿದಿದ್ದವು.

"ಬಿರಿಯಾನಿ ಕಮ್ಮಿ ಮಾಡಿ ಸಾರ್!" ಎಂದು ಅವರ ಆಫೀಸಿನ ಜೇಮ್ಸ್ ಕೂಗಿದ. "ನೀವೇ ಕಟ್ಟಿದ್ದಲ್ವಾ? ಬಿಚ್ಚೋದು ಗೊತ್ತಿಲ್ವಾ?"

ಜನ ನಕ್ಕರು. ಐದು ನಿಮಿಷವಾಯಿತು, ಎಂಟಾಯಿತು. ಎಂಜಿನ್ನಿನ ಕಾವು ಕಾಲಿನ ಬಳಿ ತುಂಬಿ ಅವರ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಅಪ್ಪ ಮುಂದೆ ಹೊರಟರು. ನಾನು ತೋಳು ಹಿಡಿದೆ.

"ಬಿಡು ಮಾರಾಯ್ತಿ, ಬೇಯ್ತಾರೆ ಅವರು."

"ಇನ್ನೂ ಹೆಸರು ಹೇಳ್ಲಿಲ್ಲ ಅಪ್ಪ."

ಅಪ್ಪನಿಗೆ ಅರ್ಥವಾಗಲಿಲ್ಲ. ತೋಳು ಬಿಡಿಸಿಕೊಂಡು ಹೋಗಿ, ತಮ್ಮ ನೀರಿನ ಬಾಟಲಿಯನ್ನು ವಿಕಾಸ್ ಅಂಕಲ್ಲಿಗೆ ಕೊಟ್ಟರು. ಅಂಕಲ್ ಗಟಗಟ ಕುಡಿದು, ಎಲ್ಲರಿಗೂ ಕೇಳುವಂತೆ ಅಂದರು: "ಸಾಕು, ಆ ಕಡೆ ನಿಂತ್ಕೊಳ್ರೀ ಪೂವಪ್ಪ, ಗಾಳಿ ಬರ್ಲಿ."

ಅಪ್ಪ ಆ ಕಡೆ ನಿಂತರು. ನನ್ನಲ್ಲಿ ಅಷ್ಟಿಷ್ಟು ಕರಗುತ್ತಿದ್ದದ್ದು ಮತ್ತೆ ಹೆಪ್ಪುಗಟ್ಟಿತು.

ಅಷ್ಟರಲ್ಲಿ ಯಾರೋ ಗ್ರೈಂಡರ್ ತಂದರು. ಸ್ಟೀರಿಂಗನ್ನೇ ಕತ್ತರಿಸಿಬಿಡೋಣ ಅಂದರು. ವಿಕಾಸ್ ಅಂಕಲ್ ಹೂಂ ಎಂದು ತಲೆಯಾಡಿಸಿದರು. ಅಪ್ಪನ ಮುಖ ನೋಡಲಾಗಲಿಲ್ಲ; ಯಾರದೋ ಮಗುವಿನ ಕೈ ಕಡಿಯುತ್ತೇವೆ ಅಂದ ಹಾಗಿತ್ತು. ನಾನು ಹೋಗಿ ಕಾರಿನ ಪಕ್ಕ ಮೊಣಕಾಲೂರಿದೆ.

"ಕತ್ತರಿಸೋದು ಬೇಡ ಅಂಕಲ್. ತೆಗೀಲಿಕ್ಕೆ ಬರ್ತದೆ."

"ತೃಪ್ತಿ! ಸದ್ಯ. ಬೇಗ ತೆಗಿಯಮ್ಮ."

"ನಾನು ಹೆಲ್ಪರ್ ಮಗಳು. ನಮಗೆ ತೊಳೀಲಿಕ್ಕೆ ಮಾತ್ರ ಗೊತ್ತಲ್ವಾ?"

ಅವರು ನನ್ನನ್ನು ದಿಟ್ಟಿಸಿದರು. ಹುಬ್ಬಿನಿಂದ ಬೆವರು ಕಣ್ಣಿಗಿಳಿಯಿತು. ಎರಡು ಕೈಯೂ ಇನ್ನೂ ಕಾಲರನ್ನೇ ಹಿಡಿದಿದ್ದವು.

"ಮೈಕ್ ಇಲ್ಲೇ ಉಂಟು" ಅಂದೆ. "ಯಾರು ಕಟ್ಟಿದ್ದು, ಎಲ್ಲಿ, ಎಷ್ಟು ವರ್ಷ. ಅಷ್ಟೇ."

"ಬ್ಲಾಕ್‌ಮೇಲ್ ಮಾಡ್ತಿದೀಯಾ?"

"ಹೌದು."

ಗ್ರೈಂಡರ್ ಒಮ್ಮೆ ಗುರ್ರೆಂದಿತು. ಅವರು ಅದನ್ನು ನೋಡಿದರು, ತಮ್ಮ ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಉಳಿದಿದ್ದ ಎರಡು ಬೆರಳಿನ ಜಾಗ ನೋಡಿದರು. ಹಕೀಂ ಮೈಕನ್ನು ಅವರ ಬಾಯಿಗೆ ಹಿಡಿದರು.

"ಈ ಕಾರು... ನಾನು ಕಟ್ಟಿದ್ದಲ್ಲ" ಎಂದರು ಹಿಂದಿಯಲ್ಲಿ. ಕಡಲಗಾಳಿಗೆ ಮಾತು ಹಾರಿಹೋಯಿತು. "ಜೋರಾಗಿ" ಅಂದೆ. "ಪೂವಪ್ಪ ಕಟ್ಟಿದ್ದು. ಅಲ್ ಅಮೇರಾತಲ್ಲಿ. ನಾಲ್ಕು ವರ್ಷ. ಪೂವಪ್ಪ."

ಎರಡನೇ ಸಲ ಹೆಸರು ಹೇಳಲು ನಾನು ಕೇಳಿರಲಿಲ್ಲ. ಅದು ಲಾಭ.

ಕಲ್ಲಿಗೆ ಒತ್ತಿದ್ದ ಚಕ್ರ ಸಡಿಲವಾಗುವಷ್ಟು ಸ್ಟೀರಿಂಗನ್ನು ಹಿಂದಕ್ಕೆ ತಿರುಗಿಸಿ, ಬ್ಯಾಗಿನಿಂದ ಎಣ್ಣೆಯ ಸ್ಪ್ರೇ ತೆಗೆದು ಹೊಡೆದು, ಒಳಕ್ಕೆ ಒತ್ತಿ, ಕಾಲರ್ ಎಳೆದೆ. ಟಕ್. ವಿಕಾಸ್ ಅಂಕಲ್ಲನ್ನು ಜೇಮ್ಸ್ ಕಂಕುಳಿಗೆ ಕೈಕೊಟ್ಟು ಎತ್ತಿದ. ಹಕೀಂ ತಮ್ಮ ಕಾಗದದಲ್ಲಿ ಒಂದು ಹೆಸರು ಹೊಡೆದು ಹಾಕಿ, ಅಪ್ಪನ ಬಳಿ ಹೋಗಿ ಕೈಕುಲುಕಿದರು, ಕೈ ಬಿಡದೆಯೇ ತೂತು ಕೊರೆದ ಆ ಪಟ್ಟಿಗಳ ಬಗ್ಗೆ ಕೇಳತೊಡಗಿದರು.

ಸ್ಟೀರಿಂಗು ನನ್ನ ಕಂಕುಳಲ್ಲಿತ್ತು.

"ಅದನ್ನ ಕೊಡು" ಎಂದರು ವಿಕಾಸ್ ಅಂಕಲ್.

"ಹಿತ್ತಾಳೆ ಪಟ್ಟಿ ಅಪ್ಪನ ಟೂಲ್‌ಬಾಕ್ಸಲ್ಲಿ ಉಂಟು. ನಾಲ್ಕು ಸ್ಕ್ರೂ. ನಿಮ್ಮ ಕೈಯಿಂದಲೇ ಹಾಕಿದ ದಿನ ಕೊಡ್ತೇನೆ."

ಅಮೇರಾತಿನ ಬೆಟ್ಟದ ರಸ್ತೆ ಹತ್ತುವಾಗ ಅಪ್ಪ ಪಿಕಪ್ಪಿನ ಗೇರು ಬದಲಿಸಿ ಕೇಳಿದರು: "ನೀನು ಅವತ್ತು ಫೋನ್ ಮಾಡ್ಲಿಲ್ಲ ಅಲ್ವಾ?"

"ಇಲ್ಲ."

"ತಪ್ಪು ಮಾಡಿದಿ. ಹೃದಯ ನಿಂತಿದ್ರೆ?"

ನಾನು ತೊಡೆಯ ಮೇಲಿದ್ದ ಸ್ಟೀರಿಂಗಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದೆ. ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ವಿಕಾಸ್ ಅಂಕಲ್ಲಿನದು; ನಿಂತು ಮತ್ತೆ ಹೊಡೆದುಕೊಂಡಿತು. ಎರಡು ತಿರುವು ದಾಟಿದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡರು.

"ಮೈಕಲ್ಲಿ ಅವರು ಎಂತ ಹೇಳಿದ್ದು? ಗಾಳಿಗೆ ನಂಗೆ ಸರಿ ಕೇಳ್ಲಿಲ್ಲ."

ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ನಾನು ಅಜ್ಜಿಯ ಹಾಗೆ ಕಾಲು ಮಡಚಿ ಕೂತು ಮೊದಲಿನಿಂದ ಶುರುಮಾಡಿದೆ. ಫೋನು ಮೂರನೇ ಸಲ ಹೊಡೆದುಕೊಂಡಿತು. ಪಾಪ ಅನಿಸಲು ಇನ್ನೂ ಹೊತ್ತಿತ್ತು.